ನಿನ್ನ ಇಂಡಿಯಾ ರೋಮಿನಲ್ಲೇ ಇದೆ



ಕೆಲವು ವರ್ಷಗಳ ಹಿಂದೆ ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಬಾಲಕನೊಬ್ಬ ಕೇಳಿದ ಪ್ರಶ್ನೆ ಇಂದಿಗೂ ನನ್ನ ನೆನಪಿನಲ್ಲಿದೆ. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಸಂತರ ಚಿತ್ರಪಟಗಳತ್ತ ಬೆರಳು ತೋರಿಸಿ ಅವನು ಕೇಳಿದ: "ಫಾದರ್, ಇವರಲ್ಲಿ ಒಬ್ಬರೂ ನಗುತ್ತಿಲ್ಲವಲ್ಲ. ಸಂತರಾಗಬೇಕಾದರೆ ನಗಬಾರದೇ?" ಉಳಿದ ಮಕ್ಕಳು ನಕ್ಕರು, ನಾನೂ ನಕ್ಕೆ. ಏನೋ ಒಂದು ಉತ್ತರವನ್ನೂ ಕೊಟ್ಟೆ. ಆದರೆ ಆ ಉತ್ತರ ನನಗೇ ತೃಪ್ತಿ ತರಲಿಲ್ಲ.

ಮಗುವಿನ ಪ್ರಶ್ನೆಯಲ್ಲಿ ನಮ್ಮೆಲ್ಲರ ತಪ್ಪು ತಿಳುವಳಿಕೆ ಅಡಗಿತ್ತು. ಭಕ್ತಿ ಎಂದರೆ ಬಿಗಿದ ಮುಖ, ಆನಂದವೆಂದರೆ ಮದುವೆ ಮನೆಯ ಸಂಗತಿ ಎಂದು ನಾವು ಬೇರೆ ಬೇರೆಯಾಗಿ ಇಟ್ಟುಬಿಟ್ಟಿದ್ದೇವೆ. ಶುಭಸಂದೇಶ ಹಾಗೆ ಹೇಳುವುದಿಲ್ಲ. ತನ್ನ ಆನಂದ ಶಿಷ್ಯರಲ್ಲಿ ನೆಲೆಸಬೇಕು, ಅವರ ಆನಂದ ಪರಿಪೂರ್ಣವಾಗಬೇಕು ಎಂದು ಯೇಸುಸ್ವಾಮಿ ನುಡಿದದ್ದು ಶಿಲುಬೆಯ ಹಿಂದಿನ ರಾತ್ರಿ, ಕೊನೆಯ ಭೋಜನದ ಸಮಯದಲ್ಲಿ. ಸಂತ ಪೌಲರು ಫಿಲಿಪ್ಪಿಯ ಸಭೆಗೆ ಮತ್ತೆ ಮತ್ತೆ ಹರ್ಷಿಸಿರಿ ಎಂದು ಬರೆದಾಗ ಅವರ ಕೈಗೆ ಬೇಡಿಗಳಿದ್ದವು. ಅಂದರೆ ಕ್ರೈಸ್ತ ಆನಂದವು ಅನುಕೂಲ ಸಂದರ್ಭಗಳ ಫಲವಲ್ಲ. ಹಾಗಾದರೆ ಅದು ಎಲ್ಲಿಂದ ಬರುತ್ತದೆ? ಹೇಗೆ ಬೆಳೆಯುತ್ತದೆ?

ಈ ಪ್ರಶ್ನೆಗೆ ವ್ಯಾಖ್ಯಾನಕ್ಕಿಂತ ಒಬ್ಬ ಮನುಷ್ಯನ ಚರಿತ್ರೆಯೇ ಉತ್ತಮ ಉತ್ತರವೆಂದು ನನಗನಿಸುತ್ತದೆ. ಆದ್ದರಿಂದ ಧರ್ಮಸಭೆ 'ಆನಂದದ ಪ್ರೇಷಿತ' ಎಂದು ಪ್ರೀತಿಯಿಂದ ಕರೆಯುವ ಸಂತ ಫಿಲಿಪ್ ನೇರಿಯವರ ಬಾಳನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅವರು ನಮ್ಮ ದೇಶಕ್ಕೆ ಬರಬೇಕೆಂದು ಹಂಬಲಿಸಿದವರು, ಆದರೆ ಬರಲಾಗದೆ ಹೋದವರು. ಆ ಬರಲಾಗದ ಕಥೆಯಲ್ಲಿಯೇ ಅವರ ಆನಂದದ ಗುಟ್ಟು ಅಡಗಿದೆ.

ಗಾಯಗೊಂಡ ನಗರಕ್ಕೆ ಬಂದ ಯುವಕ

ಫಿಲಿಪ್ ನೇರಿ ಹುಟ್ಟಿದ್ದು 1515ನೆಯ ಇಸವಿ ಜುಲೈ ತಿಂಗಳಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆ ದಸ್ತಾವೇಜು ಬರೆಯುವ ನೋಟರಿ, ದೊಡ್ಡ ಶ್ರೀಮಂತರಲ್ಲ. ತಾಯಿ ಫಿಲಿಪ್ಪರ ಬಾಲ್ಯದಲ್ಲಿಯೇ ತೀರಿಕೊಂಡರು. ಹುಡುಗನ ಸರಳ ಸ್ವಭಾವ ಕಂಡು ನೆರೆಹೊರೆಯವರು ಅವನನ್ನು 'ಒಳ್ಳೆಯ ಪಿಪ್ಪೋ' ಎಂದು ಕರೆಯುತ್ತಿದ್ದರು. ಸಾನ್ ಮಾರ್ಕೋ ಮಠದ ದೊಮಿನಿಕನ್ ಗುರುಗಳಿಂದ ಅವನಿಗೆ ಧರ್ಮದ ಮೊದಲ ಪಾಠಗಳು ದೊರೆತವು.

ಹದಿನೆಂಟರ ಪ್ರಾಯದಲ್ಲಿ ತಂದೆ ಅವನನ್ನು ಮೊಂತೆ ಕಸ್ಸಿನೋ ಬೆಟ್ಟದ ಬುಡದಲ್ಲಿದ್ದ ಸಾನ್ ಜರ್ಮಾನೋ ಪಟ್ಟಣಕ್ಕೆ, ವ್ಯಾಪಾರಿಯಾಗಿದ್ದ ಬಂಧುವೊಬ್ಬರ ಬಳಿಗೆ ಕಳುಹಿಸಿದರು. ಆ ಬಂಧುವಿಗೆ ಮಕ್ಕಳಿರಲಿಲ್ಲ. ಅಲ್ಲಿಯೇ ಉಳಿದಿದ್ದರೆ ಅಂಗಡಿ, ಆಸ್ತಿ ಎಲ್ಲವೂ ಫಿಲಿಪ್ಪರದಾಗುತ್ತಿತ್ತು. ಕೆಲವೇ ತಿಂಗಳಲ್ಲಿ ಅವರು ಅದೆಲ್ಲವನ್ನೂ ಬಿಟ್ಟು ಬರಿಗೈಯಲ್ಲಿ ರೋಮಿಗೆ ನಡೆದರು.

ಆಗಿನ ರೋಮ್ ಇಂದು ಯಾತ್ರಿಕರು ಕಾಣುವ ರೋಮಲ್ಲ. 1527ರ ಮೇ ತಿಂಗಳಲ್ಲಿ ಸಂಬಳ ಸಿಗದೆ ಕೆರಳಿದ್ದ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನಿಕರು ನಗರಕ್ಕೆ ನುಗ್ಗಿ ಕೊಲೆ, ಸುಲಿಗೆ, ಅತ್ಯಾಚಾರ ನಡೆಸಿದ್ದರು. ಜನಸಂಖ್ಯೆ ಕುಸಿದಿತ್ತು. ಪಾಳುಬಿದ್ದ ಮನೆಗಳು, ಕಸಿಯಲ್ಪಟ್ಟ ದೇವಾಲಯಗಳು, ಬೀದಿಯಲ್ಲಿ ರೋಗಿಗಳು. ಇದು ನಗರದ ಹೊರಗಿನ ಗಾಯ. ಒಳಗಿನ ಗಾಯ ಇನ್ನೂ ಆಳವಾದುದು. ಗುರುಗಳಲ್ಲಿ ಅನೇಕರು ಬಲಿಪೂಜೆಯನ್ನೇ ಅಪರೂಪವಾಗಿಸಿದ್ದರು. ಪದವಿ, ವರಮಾನಗಳ ಹಿಂದೆ ಓಡುತ್ತಿದ್ದವರಿಗೆ ಕೊರತೆಯಿರಲಿಲ್ಲ. ಉತ್ತರ ಯುರೋಪಿನಲ್ಲಿ ಧರ್ಮಸಭೆ ಒಡೆದು ಹೋಗಿತ್ತು. ಸುಧಾರಣೆಗಾಗಿ ಕರೆದ ಟ್ರೆಂಟ್ ಮಹಾಸಭೆ ಆರಂಭವಾಗಲು 1545ರವರೆಗೆ ಕಾಯಬೇಕಾಯಿತು.

ಇಂಥ ನಗರದಲ್ಲಿ ಫಿಲಿಪ್ಪರು ಫ್ಲಾರೆನ್ಸಿನವರೇ ಆದ ಸುಂಕದ ಅಧಿಕಾರಿಯೊಬ್ಬರ ಮನೆಯಲ್ಲಿ ನೆಲೆಸಿ, ಅವರ ಇಬ್ಬರು ಗಂಡುಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. ಕೋಣೆಯಲ್ಲಿದ್ದುದು ಒಂದು ಮಂಚ, ಕೆಲವು ಪುಸ್ತಕಗಳು, ಬಟ್ಟೆ ತೂಗುಹಾಕಲು ಒಂದು ಹಗ್ಗ. ಸಂಬಳವಾಗಿ ದೊರೆತ ಗೋಧಿಯನ್ನು ರೊಟ್ಟಿ ಸುಡುವವನಿಗೆ ಕೊಟ್ಟು, ಅವನಿಂದ ದಿನಕ್ಕೊಂದು ರೊಟ್ಟಿ ಪಡೆಯುತ್ತಿದ್ದರು. ರೊಟ್ಟಿ, ನೀರು, ನಾಲ್ಕು ಆಲಿವ್ ಕಾಯಿ, ಅದೇ ಊಟ. ಕೆಲವು ವರ್ಷ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದರು. ಬಳಿಕ ಪುಸ್ತಕಗಳನ್ನು ಮಾರಿ ಹಣವನ್ನು ಬಡವರಿಗೆ ಕೊಟ್ಟುಬಿಟ್ಟರು. ಹಗಲು ಆಸ್ಪತ್ರೆಗಳಲ್ಲಿ ರೋಗಿಗಳ ಸೇವೆ. ರಾತ್ರಿ ಸಂತ ಸೆಬಾಸ್ಟಿಯನ್ನರ ದೇವಾಲಯದ ನೆಲದಡಿಯ ಸಮಾಧಿಗುಹೆಗಳಲ್ಲಿ, ಆದಿ ಕ್ರೈಸ್ತರ ನಡುವೆ, ಏಕಾಂತ ಪ್ರಾರ್ಥನೆ.

ಅಲ್ಲಿಯೇ, 1544ರ ಪವಿತ್ರಾತ್ಮರ ಆಗಮನದ ಹಬ್ಬದ ಸಮಯದಲ್ಲಿ, ಬೆಂಕಿಯ ಉಂಡೆಯೊಂದು ತಮ್ಮ ಬಾಯಿಯ ಮೂಲಕ ಹೃದಯಕ್ಕೆ ಇಳಿದಂತೆ ಅವರಿಗೆ ಅನುಭವವಾಯಿತು. ಎದೆ ಉಬ್ಬಿತು. ದೈವಪ್ರೀತಿಯ ತಾಪ ತಾಳಲಾರದೆ ಅವರು ನೆಲಕ್ಕೆ ಕುಸಿದರು. ಅಂದಿನಿಂದ ಪ್ರಾರ್ಥನೆಯ ವೇಳೆ ಅವರ ಹೃದಯ ಬಡಿಯುವ ರಭಸಕ್ಕೆ ಕುಳಿತ ಪೀಠವೂ ನಡುಗುತ್ತಿತ್ತೆಂದು ಹತ್ತಿರವಿದ್ದವರು ಸಾಕ್ಷಿ ನುಡಿದಿದ್ದಾರೆ. ಮರಣಾನಂತರ ವೈದ್ಯರು ಪರೀಕ್ಷಿಸಿದಾಗ ಎಡಭಾಗದ ಎರಡು ಪಕ್ಕೆಲುಬುಗಳು ಮುರಿದು ಹೊರಕ್ಕೆ ಬಾಗಿದ್ದವು.

ಈ ಘಟನೆಯನ್ನು ನಾನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ, ಪ್ರಿಯರೇ. ಮುಂದೆ ನಾವು ಫಿಲಿಪ್ಪರ ಹಾಸ್ಯದ ಕಥೆಗಳನ್ನು ಕೇಳಲಿದ್ದೇವೆ. ಆ ನಗುವಿನ ಬೇರು ಎಲ್ಲಿತ್ತೆಂದು ಮರೆತರೆ ಅವರು ಬರಿಯ ವಿನೋದಗಾರರಾಗಿ ಕಂಡಾರು. ಹತ್ತು ವರ್ಷಗಳ ಮೌನ, ಉಪವಾಸ ಮತ್ತು ರೋಗಿಗಳ ಸೇವೆ ಆ ನಗುವಿನ ಹಿಂದಿದ್ದವು.

ಪೂರ್ವದಿಂದ ಬಂದ ಪತ್ರಗಳು

1548ರಲ್ಲಿ ಫಿಲಿಪ್ಪರು ತಮ್ಮ ಪಾಪನಿವೇದನಾ ಗುರುಗಳೊಂದಿಗೆ ಸೇರಿ, ಯಾತ್ರಿಕರಿಗೂ ಚೇತರಿಸಿಕೊಳ್ಳುತ್ತಿದ್ದ ರೋಗಿಗಳಿಗೂ ಆಸರೆ ನೀಡುವ ಪವಿತ್ರ ತ್ರಿತ್ವದ ಸಹೋದರ ಕೂಟವನ್ನು ಕಟ್ಟಿದರು. 1550ರ ಜೂಬಿಲಿ ವರ್ಷದಲ್ಲಿ ಕಾಲುನಡಿಗೆಯಿಂದ ಬಳಲಿ ಬಂದ ಯಾತ್ರಿಕರ ಪಾದಗಳನ್ನು ತೊಳೆದು, ಊಟ ಬಡಿಸಿ, ಹಾಸಿಗೆ ಹಾಸಿಕೊಟ್ಟವರು ಈ ಕೂಟದವರು. ಗುರುವಾಗಲು ತಾನು ಅರ್ಹನಲ್ಲವೆಂದು ಫಿಲಿಪ್ಪರು ಹಿಂಜರಿಯುತ್ತಿದ್ದರು. ಕೊನೆಗೆ ತಮ್ಮ ಆತ್ಮಿಕ ಗುರುವಿನ ಮಾತಿಗೆ ತಲೆಬಾಗಿ 1551ರ ಮೇ 23ರಂದು ಗುರುದೀಕ್ಷೆ ಪಡೆದರು. ಆಗ ಅವರಿಗೆ ಮೂವತ್ತೈದು ವರ್ಷ.

ಸಾನ್ ಜಿರೋಲಾಮೋ ದೇವಾಲಯದ ಪಕ್ಕದ ಅವರ ಪುಟ್ಟ ಕೋಣೆ ಯುವಕರಿಂದ ತುಂಬತೊಡಗಿತು. ಅಲ್ಲಿಗೆ ಬರುತ್ತಿದ್ದವರು ವ್ಯಾಪಾರಿಗಳು, ಅಕ್ಕಸಾಲಿಗರು, ಆಸ್ಥಾನದ ನೌಕರರು, ಸಂಗೀತಗಾರರು. ಮಧ್ಯಾಹ್ನ ಅವರೆಲ್ಲ ಸೇರಿ ಒಂದು ಧಾರ್ಮಿಕ ಗ್ರಂಥದಿಂದ ಸ್ವಲ್ಪ ಓದುವುದು, ಅದರ ಬಗ್ಗೆ ಸರಳವಾಗಿ ಮಾತನಾಡುವುದು, ಹಾಡುವುದು, ಪ್ರಾರ್ಥಿಸುವುದು. ಅನಂತರ ಎಲ್ಲರೂ ಆಸ್ಪತ್ರೆಗೆ ಹೋಗಿ ಕಸ ಗುಡಿಸಿ ರೋಗಿಗಳ ಹಾಸಿಗೆ ಸರಿಪಡಿಸುವುದು. ಕೋಣೆ ಸಾಲದಾದಾಗ ದೇವಾಲಯದ ಮೇಲಿನ ಅಟ್ಟದಂಥ ಜಾಗವನ್ನು ಪ್ರಾರ್ಥನಾಲಯ ಮಾಡಿಕೊಂಡರು. ಲತೀನಿನಲ್ಲಿ ಪ್ರಾರ್ಥನಾಲಯಕ್ಕೆ 'ಒರಾತೋರಿಯುಂ' ಎಂದು ಹೆಸರು. ಮುಂದೆ ಅವರ ಸಭೆಗೆ 'ಒರೆಟೋರಿಯನ್' ಎಂಬ ಹೆಸರು ಬಂದದ್ದು ಇದರಿಂದಲೇ. ಅಲ್ಲಿ ಹಾಡಿದ ಜನಭಾಷೆಯ ಭಕ್ತಿಗೀತೆಗಳಿಂದ ಬೆಳೆದ ಸಂಗೀತ ಪ್ರಕಾರಕ್ಕೂ 'ಒರೆಟೋರಿಯೋ' ಎಂದೇ ಹೆಸರಾಯಿತು. ನಮ್ಮ ಗಾಯನ ಮಂಡಳಿಗಳು ಹಬ್ಬದ ದಿನ ಹಾಡಲು ಹಂಬಲಿಸುವ ಹ್ಯಾಂಡೆಲನ 'ಹಲ್ಲೆಲೂಯ' ಕೂಡ ಇಂಥದೇ ಒಂದು ಕೃತಿಯ ಭಾಗ.

ಆ ಕೂಟಗಳಲ್ಲಿ ಓದುತ್ತಿದ್ದ ಬರಹಗಳಲ್ಲಿ ಯೇಸುಸಭೆಯ ಗುರುಗಳು ಪೂರ್ವದೇಶಗಳಿಂದ ಬರೆದ ಪತ್ರಗಳೂ ಇದ್ದವು. 1542ರಲ್ಲಿ ಗೋವೆಗೆ ಬಂದಿಳಿದು, ಹತ್ತೇ ವರ್ಷಗಳಲ್ಲಿ ದೇಹ ಸವೆಸಿ, 1552ರ ಡಿಸೆಂಬರಿನಲ್ಲಿ ಚೀನಾದ ಹೊಸ್ತಿಲಲ್ಲಿ ಪ್ರಾಣ ಬಿಟ್ಟ ಸಂತ ಫ್ರಾನ್ಸಿಸ್ ಕ್ಸೇವಿಯರರ ಸಾಹಸ ಎಲ್ಲರ ಬಾಯಲ್ಲಿತ್ತು. ಫಿಲಿಪ್ಪರ ಎದೆಯಲ್ಲಿ ಹಳೆಯ ಬೆಂಕಿ ಹೊತ್ತಿಕೊಂಡಿತು. ಸುಮಾರು ಇಪ್ಪತ್ತು ಸಂಗಡಿಗರೊಂದಿಗೆ ತಾವೂ ಇಂಡಿಯಾಕ್ಕೆ ಹೋಗಬೇಕು, ಸಾಧ್ಯವಾದರೆ ಅಲ್ಲಿಯೇ ರಕ್ತ ಚೆಲ್ಲಬೇಕು ಎಂದು 1557ರ ಸುಮಾರಿಗೆ ನಿಶ್ಚಯಿಸಿದರು.

ಆದರೆ ಸ್ವಂತ ಹಂಬಲವನ್ನೇ ದೇವರ ಕರೆಯೆಂದು ನಂಬುವವರಲ್ಲ ಅವರು. ಸಲಹೆ ಕೇಳಿದರು. ಹುಡುಕಾಟ ಅವರನ್ನು ರೋಮಿನ ಹೊರವಲಯದ 'ಮೂರು ಚಿಲುಮೆಗಳು' ಎಂಬ ಮಠದ ಸಿಸ್ಟರ್ಶಿಯನ್ ಸನ್ಯಾಸಿಯೊಬ್ಬರ ಬಳಿಗೆ ತಂದಿತು. ಸಂತ ಪೌಲರ ಶಿರಚ್ಛೇದವಾದ ಸ್ಥಳವೆಂದು ಪರಂಪರೆ ಗುರುತಿಸುವ ಜಾಗವದು. ಸನ್ಯಾಸಿ ಕೆಲವು ದಿನ ಪ್ರಾರ್ಥಿಸಿ ಉತ್ತರ ಕೊಟ್ಟರು: ನಿನ್ನ ಇಂಡಿಯಾ ರೋಮಿನಲ್ಲೇ ಇದೆ.

ಒಂದು ಕ್ಷಣ ನಿಂತು ಯೋಚಿಸಿ. ನಲವತ್ತು ದಾಟಿದ ಮನುಷ್ಯ, ಸಿದ್ಧರಾಗಿ ನಿಂತ ಇಪ್ಪತ್ತು ಸಂಗಡಿಗರು, ಪವಿತ್ರವಾದ ಬಯಕೆ. ಉತ್ತರವೋ, ಬೇಡ, ನೀನು ಇದ್ದಲ್ಲೇ ಇರು. ದಿನಾ ನೋಡುವ ಅದೇ ಬೀದಿ, ಅದೇ ಕೋಣೆ, ಅದೇ ಜನ. ಫಿಲಿಪ್ಪರು ವಾದಿಸಲಿಲ್ಲ. ಹಿಂದಿರುಗಿ ಬಂದರು. ಅವರು ರೋಮಿನಲ್ಲಿ ಕಳೆದದ್ದು ಒಟ್ಟು ಅರುವತ್ತು ವರ್ಷ. ಯೇಸುಸಭೆಯ ಸ್ಥಾಪಕ ಸಂತ ಇಗ್ನಾಸಿಯವರು ಅವರನ್ನು ದೇವಾಲಯದ ಗಂಟೆಗೆ ಹೋಲಿಸುತ್ತಿದ್ದರಂತೆ. ಗಂಟೆ ಎಲ್ಲರನ್ನೂ ಒಳಗೆ ಕರೆಯುತ್ತದೆ, ತಾನು ಮಾತ್ರ ಗೋಪುರದಲ್ಲಿಯೇ ಉಳಿಯುತ್ತದೆ.

ಹಾಗೆ ಉಳಿದದ್ದೇ ಅವರ ಆನಂದಕ್ಕೆ ನೆಲೆಯಾಯಿತು. ದೂರದಲ್ಲೆಲ್ಲೋ ಇರುವ ಪವಿತ್ರತೆಯ ಕನಸು ಕರಗಿ, ಎದುರಿಗೆ ಬಂದ ಮನುಷ್ಯನೇ ದೇವರು ಕಳುಹಿಸಿದ ಪಾಲು ಎಂದು ಅವರು ಒಪ್ಪಿಕೊಂಡರು. ಅಂದಿನಿಂದ ಅವರ ಬಾಗಿಲು ಯಾರಿಗೂ ಮುಚ್ಚಿರಲಿಲ್ಲ.

ನಗುವಿನ ಹಿಂದಿನ ವಿನಯ

ಉಲ್ಲಾಸದ ಮನಸ್ಸನ್ನು ಪವಿತ್ರತೆಯ ಹಾದಿಗೆ ತರುವುದು ಸುಲಭ, ಖಿನ್ನ ಮನಸ್ಸನ್ನು ತರುವುದು ಕಷ್ಟ ಎಂಬುದು ಫಿಲಿಪ್ಪರ ಅನುಭವದ ನಂಬಿಕೆ. ಕೋಣೆಯ ಹೊರಗೆ ಹುಡುಗರು ಗದ್ದಲವೆಬ್ಬಿಸಿ ಆಡುತ್ತಿದ್ದಾಗ ಇತರರು ದೂರುತ್ತಿದ್ದರು. ಈ ಮಕ್ಕಳು ಪಾಪ ಮಾಡದಿದ್ದರೆ ಸಾಕು, ನನ್ನ ಬೆನ್ನ ಮೇಲೆ ಸೌದೆ ಒಡೆದರೂ ಚಿಂತೆಯಿಲ್ಲ ಎಂದು ಅವರು ಉತ್ತರಿಸುತ್ತಿದ್ದರಂತೆ. ಕಾರ್ನಿವಲ್ ದಿನಗಳಲ್ಲಿ ನಗರವೆಲ್ಲ ಕುಡಿತ, ಕೋಲಾಹಲಗಳಲ್ಲಿ ಮುಳುಗಿದಾಗ ಅವರು ಯುವಕರನ್ನು ಬೈಯಲಿಲ್ಲ. ಅದಕ್ಕಿಂತ ಸೊಗಸಾದ ಹಬ್ಬವೊಂದನ್ನು ಕೊಟ್ಟರು. ಸಂತ ಪೇತ್ರರ ಮಹಾದೇವಾಲಯ ಮೊದಲ್ಗೊಂಡು ರೋಮಿನ ಏಳು ಪ್ರಮುಖ ದೇವಾಲಯಗಳಿಗೆ ಸುಮಾರು ಇಪ್ಪತ್ತು ಕಿಲೋಮೀಟರ್ ಕಾಲುನಡಿಗೆ. ದಾರಿಯುದ್ದಕ್ಕೂ ಹಾಡು, ಜಪ, ನಡುವೆ ಬಲಿಪೂಜೆ, ಒಂದು ತೋಟದ ನೆರಳಿನಲ್ಲಿ ಎಲ್ಲರಿಗೂ ರೊಟ್ಟಿ, ಮೊಟ್ಟೆ, ಚೀಸ್, ಸ್ವಲ್ಪ ದ್ರಾಕ್ಷಾರಸ. ಮೊದಲು ಕೆಲವೇ ಮಂದಿಯಿದ್ದ ಯಾತ್ರೆಗೆ ಮುಂದೆ ಸಾವಿರಾರು ಜನ ಸೇರಿದರು. ಏಳು ದೇವಾಲಯಗಳ ಆ ಯಾತ್ರೆ ರೋಮಿನಲ್ಲಿ ಇಂದಿಗೂ ನಡೆಯುತ್ತದೆ.

ಅವರ ಹಾಸ್ಯಕ್ಕೆ ಮೊದಲ ಗುರಿ ಅವರೇ. ತಮ್ಮನ್ನು ಸಂತರೆಂದು ನೋಡಲು ಗಣ್ಯರು ಬರುತ್ತಾರೆಂದು ತಿಳಿದರೆ, ಗಡ್ಡವನ್ನು ಅರ್ಧ ಮಾತ್ರ ಬೋಳಿಸಿಕೊಂಡು, ಅಂಗಿಯನ್ನು ಒಳಮೈ ಹೊರಗಾಗಿ ತೊಟ್ಟು ಎದುರಾಗುತ್ತಿದ್ದರು. ಭಕ್ತಿಯ ಮಾತು ಕೇಳಲು ಕಾತರರಾಗಿ ಬಂದವರ ಮುಂದೆ ನಗೆಹನಿಗಳ ಪುಸ್ತಕ ಓದಿಸುತ್ತಿದ್ದರು. ಇದು ಹುಚ್ಚಾಟವಾಗಿರಲಿಲ್ಲ. ಜನರ ಹೊಗಳಿಕೆ ಆತ್ಮವನ್ನು ಹೇಗೆ ತಿನ್ನುತ್ತದೆಂದು ಅವರಿಗೆ ಗೊತ್ತಿತ್ತು. ಪ್ರತಿದಿನ ಬೆಳಿಗ್ಗೆ, ಸ್ವಾಮೀ, ಇಂದು ಈ ಫಿಲಿಪ್ಪನನ್ನು ನಂಬಬೇಡ, ಕೈಬಿಟ್ಟರೆ ಇವನು ನಿನಗೆ ದ್ರೋಹ ಬಗೆದಾನು ಎಂಬರ್ಥದ ಪ್ರಾರ್ಥನೆ ಅವರದು. ತನ್ನನ್ನು ಇಷ್ಟು ಹಗುರವಾಗಿ ಕಾಣಬಲ್ಲವನಿಗೆ ಅವಮಾನದ ಭಯವೆಲ್ಲಿ? ಆ ಭಯ ಹೋದಲ್ಲಿ ಆನಂದಕ್ಕೆ ಜಾಗವಾಗುತ್ತದೆ.

ಬಲಿಪೂಜೆಗೆ ಮುನ್ನವೂ ಅವರು ಯಾವುದಾದರೂ ಹಗುರವಾದ ಸಂಗತಿಯತ್ತ ಮನಸ್ಸನ್ನು ತಿರುಗಿಸಿಕೊಳ್ಳಬೇಕಾಗಿತ್ತು. ಇಲ್ಲದಿದ್ದರೆ ಭಾವಪರವಶರಾಗಿ ಪೂಜೆ ಮುಂದುವರಿಸಲಾಗುತ್ತಿರಲಿಲ್ಲ. ಕೊನೆಯ ವರ್ಷಗಳಲ್ಲಿ ಪರಮಗುರುಗಳ ಅನುಮತಿಯಿಂದ ಅವರು ಖಾಸಗಿ ಪ್ರಾರ್ಥನಾ ಕೋಣೆಯಲ್ಲಿ ಪೂಜೆ ಅರ್ಪಿಸುತ್ತಿದ್ದರು. ಪರಮಪ್ರಸಾದ ಸ್ವೀಕಾರದ ಹೊತ್ತಿಗೆ ಸಹಾಯಕ ದೀಪವಾರಿಸಿ ಹೊರಹೋಗಿ, ಎರಡು ಗಂಟೆಗಳ ಬಳಿಕ ಮರಳಿ ಬರುತ್ತಿದ್ದ. ಸಂತರು ನಗುತ್ತಿದ್ದರೇ ಎಂದು ಕೇಳಿದ ಆ ಬಾಲಕನಿಗೆ ಈ ಸಂಗತಿಯನ್ನು ಹೇಳಬೇಕಿತ್ತು: ಈ ಸಂತರು ನಗುತ್ತಿದ್ದುದು ಅಳು ಉಕ್ಕಿ ಬಾರದಿರಲೆಂದು, ಅದೂ ಪ್ರೀತಿಯ ಅಳು.

ಶಿಷ್ಯರಿಗೂ ಇದೇ ಮದ್ದು. ಚೇಸರೆ ಬರೋನಿಯೋ ಎಂಬ ಬುದ್ಧಿವಂತ ಯುವಕ 1557ರಲ್ಲಿ ರೋಮಿಗೆ ಬಂದು ಅವರ ಕೂಟ ಸೇರಿದ. ಮಾತಿಗೆ ನಿಂತರೆ ಅವನದು ಸಾವು, ನರಕ, ಅಂತಿಮ ತೀರ್ಪುಗಳದೇ ವರ್ಣನೆ. ಫಿಲಿಪ್ಪರು ಅದನ್ನು ನಿಲ್ಲಿಸಿ, ಇನ್ನು ಮೇಲೆ ಧರ್ಮಸಭೆಯ ಚರಿತ್ರೆಯನ್ನು ಹೇಳು ಎಂದು ಆಜ್ಞಾಪಿಸಿದರು. ಬರೋನಿಯೋಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಆದರೂ ವಿಧೇಯತೆಯಿಂದ ವರ್ಷಾನುವರ್ಷ ಅದೇ ಚರಿತ್ರೆಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಹೇಳಿದ. ಆ ಶ್ರಮದಿಂದ ಹುಟ್ಟಿದ್ದೇ 1588ರಿಂದ 1607ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ಧರ್ಮಸಭೆಯ ಮಹಾಚರಿತ್ರೆ. ಇದರ ನಡುವೆ ಸಮುದಾಯದ ಅಡುಗೆಯ ಕೆಲಸವೂ ಅವನ ಪಾಲಿಗೇ ಎಷ್ಟು ಬಾರಿ ಬಂದಿತೆಂದರೆ, ಅಡುಗೆಮನೆಯ ಗೋಡೆಯಲ್ಲಿ ಅವನು ತನ್ನ ಹೆಸರಿನ ಮುಂದೆ 'ಶಾಶ್ವತ ಅಡುಗೆಯವ' ಎಂದು ಬರೆದಿಟ್ಟನಂತೆ. ಮುಂದೆ ಕಾರ್ಡಿನಲ್ ಆದವರು ಇವರೇ. ಖಿನ್ನತೆಯತ್ತ ವಾಲಿದ ಮನಸ್ಸಿಗೆ ಫಿಲಿಪ್ಪರು ಕೊಟ್ಟ ಔಷಧಿ ಎರಡು: ದೇವರು ತನ್ನ ಜನರ ನಡುವೆ ನಡೆಸಿದ ಕಾರ್ಯಗಳ ಸ್ಮರಣೆ, ಮತ್ತು ಕೈತುಂಬ ಸೇವೆ.

ಆನಂದದ ಅಗ್ನಿಪರೀಕ್ಷೆ

ಫಿಲಿಪ್ಪರಿಗೆ ಕಷ್ಟಗಳಿರಲಿಲ್ಲವೆಂದು ಭಾವಿಸಬೇಡಿ. ಅವರು ವಾಸವಿದ್ದ ಮನೆಯಲ್ಲಿಯೇ ಕೆಲವರಿಗೆ ಅವರನ್ನು ಕಂಡರಾಗದು. ಪೂಜಾವಸ್ತ್ರ ಬಚ್ಚಿಡುವುದು, ಪೂಜಾಪಾತ್ರೆ ಕೊಡದಿರುವುದು, ಕೊಟ್ಟರೂ ಹರಿದ ವಸ್ತ್ರ ಕೊಡುವುದು, ಹಿಂದಿನಿಂದ ಹೀಯಾಳಿಸುವುದು. ಇದೆಲ್ಲ ದಿನಗಳ ಮಾತಲ್ಲ, ವರ್ಷಗಳ ಮಾತು. ಬೇರೆ ಕಡೆ ಹೋಗಿರೆಂದು ಗೆಳೆಯರು ಒತ್ತಾಯಿಸಿದಾಗ, ದೇವರು ಕೊಟ್ಟ ಶಿಲುಬೆಯಿಂದ ಓಡಲಾರೆನೆಂದರು.

1559ರಲ್ಲಿ ಇನ್ನೂ ದೊಡ್ಡ ಆಘಾತ ಬಂತು. ಹೊಸ ಪಂಥ ಕಟ್ಟುತ್ತಿದ್ದಾನೆ, ಕೀರ್ತಿಗಾಗಿ ಯಾತ್ರೆ ನಡೆಸುತ್ತಿದ್ದಾನೆ ಎಂಬ ದೂರು ಅಧಿಕಾರಿಗಳಿಗೆ ತಲುಪಿತು. ಸಾಮಾನ್ಯ ವಿಶ್ವಾಸಿಗಳು ಧರ್ಮದ ವಿಷಯ ಮಾತನಾಡುವ ಕೂಟಗಳ ಮೇಲೆ ಸಂಶಯ ಹೆಚ್ಚಿದ್ದ ಕಾಲವದು. ಹದಿನೈದು ದಿನ ಪಾಪನಿವೇದನೆ ಕೇಳಕೂಡದೆಂದು ಅವರಿಗೆ ಆಜ್ಞೆಯಾಯಿತು, ಯಾತ್ರೆಗಳೂ ನಿಂತವು. ಒಬ್ಬ ಗುರುವಿಗೆ ಪಾಪನಿವೇದನಾ ಪೀಠದಿಂದ ಎದ್ದು ಹೋಗು ಎಂದು ಹೇಳಿಸಿಕೊಳ್ಳುವುದಕ್ಕಿಂತ ನೋವಿನ ಮಾತು ಮತ್ತೊಂದಿಲ್ಲ. ಗುರುವಾಗಿ ನಾನದನ್ನು ಊಹಿಸಬಲ್ಲೆ. ಫಿಲಿಪ್ಪರು ಶಬ್ದವೆತ್ತದೆ ವಿಧೇಯರಾದರು. ಆಜ್ಞೆ ಕೊಟ್ಟವರ ಬಗ್ಗೆ ಕೆಟ್ಟ ಮಾತಾಡಲು ಶಿಷ್ಯರಿಗೂ ಬಿಡಲಿಲ್ಲ. ಸ್ವಲ್ಪ ಕಾಲದಲ್ಲಿ ಆರೋಪಗಳು ಬಿದ್ದುಹೋದವು, ಯಾತ್ರೆ ಮತ್ತೆ ಹೊರಟಿತು. 1575ರಲ್ಲಿ ಹದಿಮೂರನೆಯ ಗ್ರೆಗೊರಿಯವರು ಒರೆಟೋರಿಯನ್ ಸಭೆಗೆ ಅಧಿಕೃತ ಮನ್ನಣೆ ನೀಡಿ, ವಲ್ಲಿಚೆಲ್ಲದ ಮಾತೆ ಮರಿಯಳ ದೇವಾಲಯವನ್ನು ಒಪ್ಪಿಸಿದರು.

1595ರ ಪರಮಪ್ರಸಾದದ ಮಹೋತ್ಸವ. ಎಂಬತ್ತರ ಸನಿಹದ ವೃದ್ಧರು ಎಂದಿನಂತೆ ಪಾಪನಿವೇದನೆ ಕೇಳಿದರು, ಪೂಜೆ ಅರ್ಪಿಸಿದರು, ಬಂದವರನ್ನು ಅಪ್ಪಿ ಕಳುಹಿಸಿದರು. ಅದೇ ರಾತ್ರಿ, ಮೇ 26ರ ನಸುಕಿಗೆ ಮುನ್ನ, ಪ್ರಾಣ ಬಿಟ್ಟರು. ಕೊನೆಯ ದಿನವೂ ಅವರ ಇಂಡಿಯಾದಲ್ಲಿ ಕೆಲಸ ನಿಂತಿರಲಿಲ್ಲ.

1622ರ ಮಾರ್ಚ್ 12ರಂದು ಹದಿನೈದನೆಯ ಗ್ರೆಗೊರಿಯವರು ಒಂದೇ ದಿನ ಐವರನ್ನು ಸಂತರೆಂದು ಘೋಷಿಸಿದರು: ಕೃಷಿಕ ಇಸಿದೋರ್, ಇಗ್ನಾಸಿ, ಫ್ರಾನ್ಸಿಸ್ ಕ್ಸೇವಿಯರ್, ಆವಿಲಾದ ತೆರೇಸಾ ಮತ್ತು ಫಿಲಿಪ್ ನೇರಿ. ನಾಲ್ವರು ಸ್ಪೇನಿನವರು ಮತ್ತು ಒಬ್ಬ ಸಂತ ಎಂದು ರೋಮಿನ ಜನ ನಗೆಯಾಡಿದರಂತೆ. ನಮಗೆ ಮುಖ್ಯವಾದುದು ಬೇರೆ. ಇಂಡಿಯಾಕ್ಕೆ ಹೋದವರೂ, ಹೋಗಬೇಡವೆನಿಸಿಕೊಂಡು ಉಳಿದವರೂ ಒಂದೇ ದಿನ, ಒಂದೇ ವೇದಿಕೆಯಲ್ಲಿ ಸಂತರಾದರು.

ನಮ್ಮ ಕರಾವಳಿಗೆ ಬಂದ ಬೀಜ

ಫಿಲಿಪ್ಪರು ಬರಲಾಗದ ನಾಡಿಗೆ ಅವರ ಚೈತನ್ಯ ಬಂದು ತಲುಪಿತು. ಅದನ್ನು ತಂದವರು ಇಲ್ಲಿಯವರೇ.

1651ರಲ್ಲಿ ಗೋವೆಯ ಬೆನಾವ್ಲಿಯಲ್ಲಿ ಹುಟ್ಟಿ 1676ರಲ್ಲಿ ಗುರುವಾದ ಜೋಸೆಫ್ ವಾಸರು ಶ್ರೀಲಂಕೆಗೆ ಹೋಗಬೇಕೆಂದು ಹಂಬಲಿಸಿದರು. ಡಚ್ಚರ ಹಿಡಿತದಲ್ಲಿದ್ದ ಆ ದ್ವೀಪದಲ್ಲಿ ಕಥೋಲಿಕರಿಗೆ ಗುರುಗಳೇ ಇರಲಿಲ್ಲ. ಆದರೆ ಗೋವೆಯ ಧರ್ಮಾಧಿಕಾರಿಗಳು ಅವರಿಗೆ ಹೇಳಿದ್ದು, ಮೊದಲು ಕೆನರಾಕ್ಕೆ ಹೋಗು ಎಂದು. ರೋಮಿನ ಸನ್ಯಾಸಿಯ ಉತ್ತರ ನೆನಪಾಗುವುದಿಲ್ಲವೇ? 1681ರಲ್ಲಿ, ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲದಲ್ಲಿ, ವಾಸರು ನಮ್ಮ ಕರಾವಳಿಗೆ ಬಂದರು. ಪೋರ್ಚುಗೀಸ್ ಪೋಷಣೆಯ ಗುರುಗಳಿಗೂ ರೋಮಿನಿಂದ ನೇರವಾಗಿ ನೇಮಕಗೊಂಡ ಧರ್ಮಾಧ್ಯಕ್ಷರಿಗೂ ಅಧಿಕಾರದ ಜಗಳ ನಡೆಯುತ್ತಿತ್ತು. ವಿಶ್ವಾಸಿಗಳು ದಿಕ್ಕುಗೆಟ್ಟಿದ್ದರು. ವಾಸರು ಜಗಳದ ನಡುವೆ ವಿನಯದಿಂದ ನಡೆದು, ಮಂಗಳೂರು, ಬಸ್ರೂರು, ಬಾರ್ಕೂರು, ಗಂಗೊಳ್ಳಿಗಳ ಕ್ರೈಸ್ತ ಕುಟುಂಬಗಳನ್ನು ಬರಿಗಾಲಿನಲ್ಲಿ ಹುಡುಕಿಕೊಂಡು ಹೋದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿರುವ ಅವರ ಪುಣ್ಯಕ್ಷೇತ್ರಕ್ಕೆ ನಿಮ್ಮಲ್ಲಿ ಅನೇಕರು ಹೋಗಿದ್ದೀರಿ.

1684ರಲ್ಲಿ ಗೋವೆಗೆ ಮರಳಿದ ಅವರು ಮುಂದಿನ ವರ್ಷ ಹಳೆಯ ಗೋವೆಯ ಗುಡ್ಡದ ಮೇಲೆ ಕೂಡಿ ಬಾಳುತ್ತಿದ್ದ ಕೆಲವು ಸ್ಥಳೀಯ ಗುರುಗಳನ್ನು ಸೇರಿದರು. ಆಗಿನ ಸನ್ಯಾಸಿ ಸಭೆಗಳು ಈ ನೆಲದಲ್ಲಿ ಹುಟ್ಟಿದವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಆ ಗುರುಗಳು ತಮ್ಮ ಸಮುದಾಯಕ್ಕೆ ಆರಿಸಿಕೊಂಡದ್ದು ಸಂತ ಫಿಲಿಪ್ ನೇರಿಯವರ ಒರೆಟೋರಿಯನ್ ಮಾದರಿಯನ್ನು. ಅಲ್ಲಿಂದ ವಾಸರು ಕೊನೆಗೂ ಶ್ರೀಲಂಕೆಗೆ ಹೊರಟು, 1687ರಲ್ಲಿ ಕೂಲಿಯವನ ವೇಷದಲ್ಲಿ ಜಾಫ್ನಾ ಸೇರಿದರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಆರೋಪದ ಮೇಲೆ ಸೆರೆಮನೆ ಕಂಡರು, ಸಿಡುಬು ರೋಗಿಗಳನ್ನು ಮನೆಯವರೇ ಕಾಡಿಗೆ ಬಿಟ್ಟಾಗ ಹೊತ್ತು ತಂದು ಶುಶ್ರೂಷೆ ಮಾಡಿದರು, 1711ರ ಜನವರಿ 16ರಂದು ಅಲ್ಲಿಯೇ ಪ್ರಭುವಿನಲ್ಲಿ ನಿದ್ರಿಸಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಫಿಲಿಪ್ಪರು ತಮ್ಮ ಮನಸ್ಸಿನಂತೆ ಹಡಗು ಹತ್ತಿದ್ದರೆ ಒರೆಟೋರಿಯನ್ ಸಭೆ ಹುಟ್ಟುತ್ತಿತ್ತೇ? ದೇವರು ನಿರಾಕರಿಸಿದಂತೆ ಕಂಡ ಬಯಕೆಯನ್ನು ನೂರಿಪ್ಪತ್ತೆಂಟು ವರ್ಷಗಳ ಬಳಿಕ ಬೇರೊಂದು ರೀತಿಯಲ್ಲಿ ನೆರವೇರಿಸಿದರು.

ನಮ್ಮ ಇಂಡಿಯಾ ಎಲ್ಲಿದೆ?

ಈಗ ನನ್ನದೇ ಒಂದು ಮಾತು ಹೇಳಬೇಕು. ಗುರುದೀಕ್ಷೆಯಾದ ಹೊಸದರಲ್ಲಿ ಉನ್ನತ ವ್ಯಾಸಂಗಕ್ಕೆ ಹೋಗುವೆನೆಂದೂ, ಗುರುಮಠದಲ್ಲಿ ಪಾಠ ಹೇಳುವೆನೆಂದೂ ನಾನು ಕನಸು ಕಂಡಿದ್ದೆ. ನನ್ನ ಪಾಲಿಗೆ ಬಂದದ್ದು ಗುಡ್ಡಗಳ ನಡುವಿನ ಒಂದು ಸಣ್ಣ ಧರ್ಮಕೇಂದ್ರ. ದಿನಕ್ಕೆರಡು ಬಸ್ಸು, ಕೂಲಿ ಕುಟುಂಬಗಳು, ಸೋರುವ ಹೆಂಚು. ಪೂಜೆ, ಮನೆಭೇಟಿ ಯಾವುದಕ್ಕೂ ನಾನು ತಪ್ಪಲಿಲ್ಲ. ಆದರೆ ಮುಖದಲ್ಲಿ ಕಳೆಯಿರಲಿಲ್ಲ. ಮೂರು ತಿಂಗಳ ಮೇಲೆ ಒಂದು ಸಂಜೆ ಅಲ್ಲಿನ ವಯಸ್ಸಾದ ಉಪದೇಶಿ, ದೇವಾಲಯದ ಬಾಗಿಲು ಹಾಕುತ್ತಾ, ಮೆಲ್ಲಗೆ ಹೇಳಿದರು: "ಸ್ವಾಮೀ, ತಪ್ಪು ತಿಳಿಯಬೇಡಿ. ತಾವು ಇಲ್ಲಿಗೆ ಬಂದಿದ್ದೀರಿ, ತಮ್ಮ ಮನಸ್ಸು ಮಾತ್ರ ಇನ್ನೂ ಬಸ್ಸಿನಿಂದ ಇಳಿದ ಹಾಗಿಲ್ಲ."

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಗುರುಮಠದಲ್ಲಿ ಓದಿದ್ದ ಫಿಲಿಪ್ಪರ ಕಥೆ ನೆನಪಿಗೆ ಬಂದದ್ದು ಆಗ. ಮರುದಿನದಿಂದ ಎಲ್ಲವೂ ಬದಲಾಯಿತೆಂದು ಹೇಳಲಾರೆ. ಆದರೆ ಮರುದಿನ ಬೆಳಿಗ್ಗೆ ಪೂಜೆಗೆ ಬಂದ ಏಳೆಂಟು ಮಂದಿಯ ಮುಖಗಳನ್ನು ನಾನು ಮೊದಲ ಬಾರಿಗೆ ಒಬ್ಬೊಬ್ಬರದಾಗಿ ನೋಡಿದೆ. ನನ್ನ ಗುರುಜೀವನದ ಆನಂದ ಆರಂಭವಾದದ್ದು ಅಂದೇ ಎಂದು ಈಗ ಹಿಂದಿರುಗಿ ನೋಡಿದಾಗ ತಿಳಿಯುತ್ತದೆ.

ಪ್ರಿಯ ಕುಟುಂಬಗಳೇ, ನಮ್ಮಲ್ಲಿ ಅನೇಕರ ಮನಸ್ಸು ಬಸ್ಸಿನಿಂದ ಇಳಿದಿಲ್ಲ. ಸಾಲ ತೀರಿದ ಮೇಲೆ ಸಂತೋಷ, ಮನೆ ಕಟ್ಟಿದ ಮೇಲೆ ಪ್ರಾರ್ಥನೆ, ಮಕ್ಕಳು ದಡ ಸೇರಿದ ಮೇಲೆ ದೇವರ ಸೇವೆ ಎಂದು ಮುಂದಕ್ಕೆ ಹಾಕುತ್ತಲೇ ಇದ್ದೇವೆ. ಹಾಸಿಗೆ ಹಿಡಿದ ಅತ್ತೆಯ ಶುಶ್ರೂಷೆಯಲ್ಲಿ ದಿನ ಕಳೆಯುವ ಸೊಸೆ, ತನಗೆ ಧ್ಯಾನಕೂಟಕ್ಕೆ ಹೋಗಲಾಗುತ್ತಿಲ್ಲವೆಂದು ಕೊರಗುತ್ತಾಳೆ. ಕೊಲ್ಲಿ ದೇಶದಲ್ಲಿ ದುಡಿಯುವ ಮಗ ಊರಿನ ಹಬ್ಬವನ್ನು ನೆನೆದು, ಊರಿನಲ್ಲಿರುವ ತಮ್ಮ ಕೊಲ್ಲಿ ದೇಶವನ್ನು ನೆನೆದು ನಿಟ್ಟುಸಿರಿಡುತ್ತಾರೆ. ಕಷ್ಟವನ್ನು ಕಷ್ಟವಲ್ಲವೆಂದು ನಾನು ಹೇಳುತ್ತಿಲ್ಲ. ಅನ್ಯಾಯವಿದ್ದಲ್ಲಿ ಸುಮ್ಮನಿರಿ ಎಂದೂ ಹೇಳುತ್ತಿಲ್ಲ. ಆದರೆ ಆನಂದವೆಂಬುದು ಬೇರೊಂದು ಊರಿನಲ್ಲಿ ನಮಗಾಗಿ ಕಾದು ಕುಳಿತಿಲ್ಲ. ಕ್ರಿಸ್ತ ಪ್ರಭು ನಮಗಾಗಿ ಕಾಯುತ್ತಿರುವುದು ಇಂದಿನ ಈ ಮನೆಯಲ್ಲಿ, ಈ ಅಡುಗೆಕೋಣೆಯಲ್ಲಿ, ಈ ರೋಗಿಯ ಪಕ್ಕದಲ್ಲಿ.

ಫಿಲಿಪ್ಪರ ಹಾದಿ ಕಠಿಣವಾದುದಲ್ಲ. ಪಾಪನಿವೇದನೆಯಲ್ಲಿ ಎದೆಯನ್ನು ಆಗಾಗ ಹಗುರ ಮಾಡಿಕೊಳ್ಳಿ. ಭಾರ ಹೊತ್ತವನಿಗೆ ನಗುವುದು ಕಷ್ಟ. ಕೆಲಸದ ನಡುವೆ ಒಂದೆರಡು ಮಾತಿನ ಚಿಕ್ಕ ಪ್ರಾರ್ಥನೆಗಳನ್ನು ಹೇಳಿಕೊಳ್ಳಿ. ವಾರಕ್ಕೊಮ್ಮೆಯಾದರೂ ನಿಮ್ಮ ಅಗತ್ಯವಿರುವ ಒಬ್ಬರ ಬಳಿಗೆ ಹೋಗಿ. ಮನೆಮಂದಿಯೊಡನೆ ಸೇರಿ ಹಾಡಿ, ಸೇರಿ ಉಣ್ಣಿ. ಎಲ್ಲಕ್ಕಿಂತ ಮಿಗಿಲಾಗಿ, ನಿಮ್ಮ ಬಗ್ಗೆ ನೀವೇ ಸ್ವಲ್ಪ ನಗುವುದನ್ನು ಕಲಿಯಿರಿ.

ಆ ಬಾಲಕ ಈಗ ಬೆಳೆದು ದೊಡ್ಡವನಾಗಿ, ದೂರದ ನಗರದಲ್ಲಿ ಕೆಲಸದಲ್ಲಿದ್ದಾನೆ. ಊರಿಗೆ ಬಂದಾಗ ನನ್ನನ್ನು ಕಾಣಲು ಬರುತ್ತಾನೆ. ಮುಂದಿನ ಬಾರಿ ಬಂದಾಗ ಅವನಿಗೆ ನನ್ನ ಬಾಕಿ ಉತ್ತರ ಕೊಡಬೇಕು: ಸಂತರು ನಗುತ್ತಿದ್ದರು ಮಗೂ. ಚಿತ್ರ ಬರೆದವನು ಬರುವ ಹೊತ್ತಿಗೆ ಅವರು ಮತ್ತೆ ಕೆಲಸಕ್ಕೆ ಹೋಗಿರಬೇಕು.